ರೆಟ್ರೋಫಿಟ್ ಮಾಡಿಸಿದ ಹಳೆಯ ಯುಟಿಎಂ: ಎರಡು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ನಮ್ಮ ಲೋಹಪರೀಕ್ಷಾ ಪ್ರಯೋಗಾಲಯದಲ್ಲಿ 600 ಕಿಲೋನ್ಯೂಟನ್ ಸಾಮರ್ಥ್ಯದ ಹೈಡ್ರಾಲಿಕ್ ಯುನಿವರ್ಸಲ್ ಟೆಸ್ಟಿಂಗ್ ಮಷಿನ್ (ಯುಟಿಎಂ), ಅಂದರೆ ಲೋಹದ ತುಂಡುಗಳನ್ನು ಎಳೆದು, ಅದುಮಿ, ಬಾಗಿಸಿ ಅವುಗಳ ಗಟ್ಟಿತನ ಪರೀಕ್ಷಿಸುವ ಯಂತ್ರ, ಒಂದಿದೆ. ಲೋಲಕದ ತೂಕದಿಂದ ಬಲವನ್ನು ಅಳೆದು ಡಯಲ್ ಮೇಲಿನ ಮುಳ್ಳಿನಿಂದ ತೋರಿಸುತ್ತಿದ್ದ ಕಾಲದ ಯಂತ್ರವದು. ಅದನ್ನು ತೆಗೆದು ಹೊಸದನ್ನು ತರಬೇಕೇ, ಇಲ್ಲವೇ ಚೌಕಟ್ಟು, ಸಿಲಿಂಡರ್‌ಗಳನ್ನು ಉಳಿಸಿಕೊಂಡು ಅಳೆಯುವ ಮತ್ತು ನಿಯಂತ್ರಿಸುವ ಭಾಗಗಳನ್ನಷ್ಟೇ ಬದಲಿಸುವ ರೆಟ್ರೋಫಿಟ್ ಸೇವೆಯನ್ನು ಪಡೆಯಬೇಕೇ ಎಂದು ಬಹಳ ದಿನ ಯೋಚಿಸಿ, ಕೊನೆಗೆ ಎರಡನೆಯದನ್ನು ಆರಿಸಿಕೊಂಡೆವು. ಇದೇ ಗೊಂದಲದಲ್ಲಿರುವವರಿಗೆ ನೆರವಾಗಲೆಂದು ಎರಡು ವರ್ಷದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಂತ್ರ ಹಳೆಯದಾಯಿತು ಎಂಬುದೊಂದೇ ನಮ್ಮನ್ನು ಈ ನಿರ್ಧಾರಕ್ಕೆ ತಂದದ್ದಲ್ಲ. ದಪ್ಪ ಉಕ್ಕಿನ ಕಂಬಗಳು ತಮ್ಮ ಮಿತಿಯೊಳಗಿನ ಹೊರೆಯನ್ನು ಹೊತ್ತುಕೊಂಡು ದಶಕಗಟ್ಟಲೆ ಹಾಗೆಯೇ ಉಳಿಯುತ್ತವೆ. ನಮ್ಮ ಕಣ್ಣು ತೆರೆಸಿದ್ದು ಕ್ಯಾಲಿಬ್ರೇಶನ್ ಪ್ರಮಾಣಪತ್ರಗಳು, ಅಂದರೆ ಯಂತ್ರ ತೋರಿಸುವ ಬಲವನ್ನು ನಿಖರ ಉಪಕರಣದೊಂದಿಗೆ ಹೋಲಿಸಿ ಕೊಡುವ ಪತ್ರಗಳು. ಐಎಸ್ಒ 7500-1 ಮಾನಕದಂತೆ ಒಂದನೇ ವರ್ಗದ ಯಂತ್ರವು ತೋರಿಸುವ ಬಲದಲ್ಲಿ ಶೇಕಡಾ 1ರಷ್ಟು ಹೆಚ್ಚುಕಡಿಮೆಯನ್ನು ಮಾತ್ರ ಒಪ್ಪಲಾಗುತ್ತದೆ, ಮತ್ತು ನಮ್ಮ ಯಂತ್ರ ಪ್ರತಿ ವರ್ಷವೂ ಅದರೊಳಗೇ ಇತ್ತು. ಆದರೆ ನಾಲ್ಕು ವರ್ಷದ ಪತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದಾಗ, ಪೂರ್ಣ ಸಾಮರ್ಥ್ಯದ ಶೇಕಡಾ 20ರ ಹಂತದಲ್ಲಿ ದೋಷವು 0.2, 0.4, 0.5, 0.8 ಎಂದು ಒಂದೇ ದಿಕ್ಕಿನಲ್ಲಿ ಏರುತ್ತಾ ಬಂದಿರುವುದು ಕಾಣಿಸಿತು. ಪ್ರತಿ ಪತ್ರದ ಕೆಳಗೂ ‘ಸಮರ್ಪಕ’ ಎಂದೇ ಇದ್ದುದರಿಂದ, ಅಲ್ಲಿಯವರೆಗೆ ಯಾರೂ ಹಿಂದಿನ ವರ್ಷದ ಪತ್ರವನ್ನು ತೆಗೆದು ಹೋಲಿಸಿರಲಿಲ್ಲ.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಮುಂದಿನ ಕ್ಯಾಲಿಬ್ರೇಶನ್‌ನಲ್ಲಿ ಯಂತ್ರ ಮಿತಿ ಮೀರಿದೆ ಎಂದು ತಿಳಿದರೆ, ಅದು ಯಾವ ದಿನ ಮಿತಿ ದಾಟಿತು ಎಂಬುದನ್ನು ಯಾರೂ ಹೇಳಲಾರರು. ಹಿಂದಿನ ಕ್ಯಾಲಿಬ್ರೇಶನ್‌ನಿಂದ ಆ ದಿನದವರೆಗೆ ಕೊಟ್ಟ ಫಲಿತಾಂಶಗಳೆಲ್ಲ ಅನುಮಾನಕ್ಕೆ ಒಳಗಾಗುತ್ತವೆ, ಮತ್ತು ಪ್ರಯೋಗಾಲಯಗಳ ಸಾಮರ್ಥ್ಯದ ಮಾನಕವಾದ ಐಎಸ್ಒ/ಐಇಸಿ 17025 ಪಾಲಿಸುವ ಪ್ರಯೋಗಾಲಯವು ಅದರ ಪರಿಣಾಮವನ್ನು ಪರಿಶೀಲಿಸಿ, ಅಗತ್ಯವಿದ್ದರೆ ಗ್ರಾಹಕರಿಗೆ ತಿಳಿಸಲೇಬೇಕು. ಹೀಗಾಗಿ ಬದಲಾವಣೆಯ ಹೊತ್ತು ಯಂತ್ರ ಕೆಡುವ ದಿನವಲ್ಲ. ದೋಷ ಏರುತ್ತಿರುವ ಗತಿಯಲ್ಲಿ ಮುಂದಿನ ಕ್ಯಾಲಿಬ್ರೇಶನ್‌ವರೆಗೆ ಅದು ಮಿತಿಯೊಳಗೆ ಉಳಿಯುತ್ತದೆಂದು ಧೈರ್ಯವಾಗಿ ಹೇಳಲಾಗದ ದಿನವೇ ಆ ಹೊತ್ತು.

ಹಾಗೆಂದು ಎಲ್ಲ ತಪ್ಪನ್ನೂ ಯಂತ್ರದ ವಯಸ್ಸಿಗೆ ಕಟ್ಟಬಾರದು. ಗ್ರಾಫಿನಲ್ಲಿ ಮೆಟ್ಟಿಲಿನಂತಹ ಸಣ್ಣ ಕುಸಿತಗಳು ಬರುತ್ತಿದ್ದಾಗ ನಾವು ಮೊದಲು ಪಂಪನ್ನೇ ಸಂಶಯಿಸಿದ್ದೆವು. ಮುರಿದ ತುಂಡುಗಳ ಹಿಡಿಭಾಗವನ್ನು ದೀಪದ ಕೆಳಗೆ ತಿರುಗಿಸಿ ನೋಡಿದರೆ, ತುಂಡನ್ನು ಹಿಡಿಯುವ ದವಡೆಗಳ (ಜಾ) ಹಲ್ಲುಗಳು ಕಚ್ಚಿದ ಸ್ಪಷ್ಟ ಗುರುತಿನ ಬದಲು ಉದ್ದಕ್ಕೂ ಉಜ್ಜಿಕೊಂಡು ಹೋದ ಹೊಳೆಯುವ ಗೆರೆಗಳಿದ್ದವು. ಹಲ್ಲು ಸವೆದ ದವಡೆಗಳನ್ನು ಬದಲಿಸಿದ ಮರುದಿನವೇ ಆ ಮೆಟ್ಟಿಲುಗಳು ಮಾಯವಾದವು. ರೆಟ್ರೋಫಿಟ್‌ಗೆ ಮುಂಚೆ ಮಾಡಿಸಲೇಬೇಕಾದ ಇನ್ನೊಂದು ಪರೀಕ್ಷೆ ಸಿಲಿಂಡರಿನದು: ಒಂದು ದಪ್ಪ ತುಂಡಿಗೆ ಅದರ ಯೀಲ್ಡ್ ಮಿತಿಗಿಂತ, ಅಂದರೆ ಲೋಹ ಶಾಶ್ವತವಾಗಿ ಹಿಗ್ಗತೊಡಗುವ ಹಂತಕ್ಕಿಂತ, ಬಹಳ ಕೆಳಗಿನ ಹೊರೆ ಕೊಟ್ಟು, ಪಂಪು ನಿಲ್ಲಿಸಿ, ಹೊರೆ ಎಷ್ಟು ಬೇಗ ಇಳಿಯುತ್ತದೆಂದು ನೋಡುವುದು. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಎಣ್ಣೆ ವಿಪರೀತ ಸೋರುತ್ತಿದ್ದರೆ, ಅದರ ಮೇಲೆ ಹೊಸ ಎಲೆಕ್ಟ್ರಾನಿಕ್ಸ್ ಕೂರಿಸುವುದು ವ್ಯರ್ಥ.

ಸೇವೆ ಕೊಟ್ಟವರು ಮೊದಲು ಸೂಚಿಸಿದ್ದು ಎಣ್ಣೆಯ ಒತ್ತಡವನ್ನು ಅಳೆದು ಬಲವನ್ನು ಲೆಕ್ಕಹಾಕುವ ಪ್ರೆಶರ್ ಸೆನ್ಸರ್. ಅದು ಅಗ್ಗ, ಅಳವಡಿಕೆಯೂ ಸುಲಭ. ಆದರೆ ಎಣ್ಣೆಯ ಒತ್ತಡದಲ್ಲಿ ಪಿಸ್ಟನ್ನಿನ ಘರ್ಷಣೆಯೂ ಸೇರಿರುತ್ತದೆ, ಮತ್ತು ಕಡಿಮೆ ಬಲದ ಹಂತದಲ್ಲಿ ಅದರ ಪಾಲು ದೊಡ್ಡದು. ನಮ್ಮ ಪತ್ರಗಳಲ್ಲಿ ದೋಷ ಏರುತ್ತಿದ್ದದ್ದು ಅದೇ ಹಂತದಲ್ಲಿ. ಆದ್ದರಿಂದ ಪರೀಕ್ಷಿಸುವ ತುಂಡಿನ ನೇರದಲ್ಲೇ ಕೂತು ಬಲವನ್ನು ನೇರವಾಗಿ ಅಳೆಯುವ ಲೋಡ್ ಸೆಲ್ ಎಂಬ ಸೆನ್ಸರ್ ಬೇಕೆಂದು ಹಟ ಹಿಡಿದೆವು, ಆ ಹಟಕ್ಕೆ ಇಂದಿಗೂ ಸಮಾಧಾನವಿದೆ. ಅಳವಡಿಕೆ ಮುಗಿದ ಮೇಲೆ ಹೊಸದಾಗಿ ಕ್ಯಾಲಿಬ್ರೇಶನ್ ಮಾಡಿಸಿದಾಗ ಶೇಕಡಾ 20ರ ಹಂತದ ದೋಷ 0.2ಕ್ಕೆ ಇಳಿಯಿತು, ಎರಡನೇ ವರ್ಷವೂ ಅಲ್ಲೇ ನಿಂತಿದೆ.

ಕೊರತೆಗಳನ್ನೂ ಹೇಳಬೇಕು. ಲೋಡ್ ಸೆಲ್ ತಾನೇ ಒಂದಷ್ಟು ಎತ್ತರವನ್ನು ತಿನ್ನುವುದರಿಂದ ಹಿಡಿಗಳ ನಡುವಿನ ಜಾಗ ಕಡಿಮೆಯಾಯಿತು, ಉದ್ದನೆಯ ಸರಳುಗಳನ್ನು ಈಗ ಹಿಡಿಸಲಾಗುತ್ತಿಲ್ಲ. ಇದನ್ನು ಯಾರೂ ನಮಗೆ ಮೊದಲೇ ಹೇಳಲಿಲ್ಲ, ಆ ವಿಷಯದಲ್ಲಿ ಸೇವೆಯವರ ಮೇಲೆ ನನಗೆ ನಿಜಕ್ಕೂ ಬೇಸರವಿದೆ. ಎರಡನೆಯದು ವೇಗದ ನಿಯಂತ್ರಣ. ಲೋಹಗಳ ಎಳೆತ ಪರೀಕ್ಷೆಯ ಮಾನಕವಾದ ಐಎಸ್ಒ 6892-1ರ ‘ಬಿ’ ವಿಧಾನದಂತೆ ತುಂಡಿನೊಳಗಿನ ಒತ್ತಡ (ಸ್ಟ್ರೆಸ್) ಏರುವ ವೇಗವನ್ನು, ಎಣ್ಣೆಯ ಹರಿವನ್ನು ನಿಯಂತ್ರಿಸುವ ಹೊಸ ಸರ್ವೋ ವಾಲ್ವ್ ಚೆನ್ನಾಗಿ ಹಿಡಿದಿಡುತ್ತದೆ. ಆದರೆ ತುಂಡು ಹಿಗ್ಗುವುದನ್ನು ಅಳೆಯುವ ಎಕ್ಸ್‌ಟೆನ್ಸೋಮೀಟರ್ ನೋಡಿಕೊಂಡು ಸೆಕೆಂಡಿಗೆ 0.00025ರ ಸ್ಟ್ರೇನ್ ದರವನ್ನು (ಮೂಲ ಉದ್ದಕ್ಕೆ ಹೋಲಿಸಿದ ಹಿಗ್ಗುವಿಕೆಯ ವೇಗವನ್ನು) ಶೇಕಡಾ 20ರ ಸಹನೆಯೊಳಗೆ ಉಳಿಸಿಕೊಳ್ಳಬೇಕಾದ ‘ಎ’ ವಿಧಾನದಲ್ಲಿ, ಯಂತ್ರದ ವೇಗ ಯೀಲ್ಡ್ ಹತ್ತಿರ ತೂಗಾಡುತ್ತದೆ.

ಸಾಫ್ಟ್‌ವೇರ್ ಬಗ್ಗೆ ಒಂದೇ ಮಾತು: ಕಚ್ಚಾ ದತ್ತಾಂಶವನ್ನು ಸಾಮಾನ್ಯ ಪಠ್ಯ ಕಡತವಾಗಿ ತೆಗೆದುಕೊಳ್ಳುವ ಸೌಲಭ್ಯವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ನಮ್ಮಲ್ಲಿನ ಇನ್ನೊಂದು ಯಂತ್ರ ಇವತ್ತಿಗೂ ಅದನ್ನೇ ನೆಚ್ಚಿಕೊಂಡಿದೆ, ಅದನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಕಾರ್ಡ್ ಕೆಟ್ಟರೆ ಬದಲಿ ಕಾರ್ಡ್ ಎಲ್ಲೂ ಸಿಗುವುದಿಲ್ಲ. ಚೆನ್ನಾಗಿ ಓಡುತ್ತಿದ್ದರೂ ಬದಲಾವಣೆಯ ಪಟ್ಟಿಯಲ್ಲಿ ಈಗ ಅದೇ ಮೊದಲನೆಯದು.

ಚೌಕಟ್ಟು ನೇರವಾಗಿದ್ದು, ಸಿಲಿಂಡರ್ ಹೊರೆಯನ್ನು ಹಿಡಿದು ನಿಲ್ಲುವಂತಿದ್ದು, ಮಾಡಬೇಕಾದ ಪರೀಕ್ಷೆಗಳು ‘ಬಿ’ ವಿಧಾನದಲ್ಲೇ ಮುಗಿಯುವಂತಿದ್ದರೆ ಈ ಸೇವೆಯನ್ನು ಧಾರಾಳವಾಗಿ ಪಡೆಯಬಹುದು. ಗ್ರಾಹಕರು ‘ಎ’ ವಿಧಾನವನ್ನೇ ಕೇಳುತ್ತಿದ್ದರೆ ಹೊಸ ಯಂತ್ರವನ್ನೇ ಕೊಳ್ಳಿ. ನಾವು ಸಹ ತೆಳು ತಗಡುಗಳಿಗೆಂದು ಸ್ಕ್ರೂ ಚಾಲಿತ ಸಣ್ಣ ಯಂತ್ರವೊಂದಕ್ಕೆ ಬೇಡಿಕೆ ಸಲ್ಲಿಸಿದ್ದೇವೆ. ದಪ್ಪ ಸರಳು ಮತ್ತು ಬಾಗಿಸುವ ಪರೀಕ್ಷೆಗಳು ಹಳೆಯ ಯಂತ್ರದಲ್ಲೇ ಮುಂದುವರಿಯುತ್ತವೆ.