ಪೊಯ್ರೊ ಸರಣಿಯ ‘ಎಲಿಫೆಂಟ್ಸ್ ಕ್ಯಾನ್ ರಿಮೆಂಬರ್’: ಇಲ್ಲಿಂದ ಶುರು ಮಾಡಬೇಡಿ

ಅಗಾಥಾ ಕ್ರಿಸ್ಟಿಯ ಪತ್ತೇದಾರ ಪೊಯ್ರೊನ ಕಾದಂಬರಿಗಳನ್ನು 1920ರ ಮೊದಲನೆಯದರಿಂದ ಸಾಲಾಗಿ ಓದಿಕೊಂಡು ಬಂದವರಿಗೆ 1972ರ ಈ ಪುಸ್ತಕ ಮನಸ್ಸು ಮುರಿಯುತ್ತದೆ. ಪೊಯ್ರೊನ ಕೊನೆಯ ಪ್ರಕರಣದ ಕಾದಂಬರಿ ‘ಕರ್ಟನ್’ ಅಚ್ಚಾದದ್ದು 1975ರಲ್ಲಾದರೂ ಅದು ಎರಡನೇ ಮಹಾಯುದ್ಧದ ಹೊತ್ತಿಗೇ ಬರೆದಿಟ್ಟದ್ದು. ಹಾಗಾಗಿ ಆಕೆ ಪೊಯ್ರೊನನ್ನು ಇಟ್ಟುಕೊಂಡು ಕೊನೆಗೆ ಬರೆದ ಕಾದಂಬರಿ ಇದೇ.

ಎಳೆ ಗಟ್ಟಿಯಾಗಿದೆ. ಜನರಲ್ ರಾವೆನ್ಸ್‌ಕ್ರಾಫ್ಟ್ ಮತ್ತು ಆತನ ಹೆಂಡತಿ ಹಿಂದೆ ಗುಂಡೇಟಿನಿಂದ ಸತ್ತಿದ್ದರು. ಯಾರು ಯಾರನ್ನು ಕೊಂದರು? ಮಗಳ ಮದುವೆ ಮಾತು ಬಂದಾಗ ಹುಡುಗನ ತಾಯಿ ಇದನ್ನು ಕೆದಕುತ್ತಾಳೆ. ಸತ್ತವಳ ಹತ್ತಿರ ನಾಲ್ಕು ವಿಗ್ಗುಗಳಿದ್ದವು, ಸಾಕಿದ ನಾಯಿ ಒಡತಿಯನ್ನೇ ಕಚ್ಚಿತ್ತು. ಎರಡೂ ಒಳ್ಳೆಯ ಸುಳಿವುಗಳೇ. ಆದರೆ ಅವನ್ನು ಜೋಡಿಸಿದವರಿಗೆ ಅರ್ಧದಲ್ಲೇ ಉತ್ತರ ಹೊಳೆಯುತ್ತದೆ. ಪೊಯ್ರೊ ಬಾಯಿಬಿಡಲು 20ನೇ ಅಧ್ಯಾಯದವರೆಗೆ ಕಾಯಬೇಕು.

ನಡುವೆ ಇರುವುದು ಬರೀ ಮಾತುಕತೆ. ಪತ್ತೇದಾರಿ ಲೇಖಕಿ ಆಲಿವರ್ ಹಳೆಯ ಪರಿಚಯದವರ ಮನೆಮನೆಗೆ ಹೋಗುತ್ತಾಳೆ. ಅವರು ಹೇಳುವುದೆಲ್ಲ ಊರ ಗಾಳಿಸುದ್ದಿ. 1942ರ ‘ಫೈವ್ ಲಿಟಲ್ ಪಿಗ್ಸ್’ ಕೂಡ ಹಳೆಯ ಕೊಲೆಯ ಕಥೆಯೇ. ಅಲ್ಲಿ ಐವರೂ ಆ ದಿನ ಸ್ಥಳದಲ್ಲಿದ್ದವರು, ಒಬ್ಬೊಬ್ಬರೂ ಬರೆದುಕೊಡುತ್ತಾರೆ, ಆ ಹೇಳಿಕೆಗಳ ಒಳಗೇ ಸತ್ಯ ಅಡಗಿರುತ್ತದೆ. ಇಲ್ಲಿ ತಾಳೆ ನೋಡಲು ಹೇಳಿಕೆಯೇ ಇಲ್ಲ.

ಕಾಲಲೆಕ್ಕ ಇನ್ನೂ ಕೆಟ್ಟಿದೆ. ಸಾವು ನಡೆದು ಒಂದು ಕಡೆ 10–12 ವರ್ಷ, ಇನ್ನೊಂದು ಕಡೆ 15, ಮತ್ತೊಂದು ಕಡೆ 20. ಗಂಡ ಹೆಂಡತಿಯ ವಯಸ್ಸೂ ಹಾಗೆಯೇ ಹೊಂದುವುದಿಲ್ಲ. ಪೆನ್ಸಿಲ್ ಹಿಡಿದು ಓದುವವರು ಇದನ್ನು ಸುಳಿವೆಂದು ಗುರುತು ಹಾಕಿಕೊಳ್ಳಬಹುದು, ಸುಳಿವಲ್ಲ, ತಪ್ಪು. ಬರೆದಾಗ ಲೇಖಕಿಗೆ 80 ದಾಟಿತ್ತು. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಆಕೆಯ ಕಾದಂಬರಿಗಳ ಪದಗಳನ್ನು ಎಣಿಸಿ, ಇದರಲ್ಲಿ ಪದಸಂಪತ್ತು ತೀರಾ ಇಳಿದದ್ದನ್ನು ತೋರಿಸಿದರು. ಅದನ್ನು ತಿಳಿದು ಓದಿದರೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗುತ್ತದೆ.

ಮೊದಲ ಅಧ್ಯಾಯ ಮಾತ್ರ ಚೆಂದ: ಸಾಹಿತಿಗಳ ಔತಣಕೂಟದಲ್ಲಿ ಹೊಗಳಿಕೆಗೆ ಹೆದರುವ ಆಲಿವರ್.

ಪತ್ತೇದಾರ ಪುರುಷೋತ್ತಮನ ವೇಗಕ್ಕೆ ಒಗ್ಗಿದ ನಮ್ಮ ತುಮಕೂರಿನ ಓದುಗರು ಪೊಯ್ರೊನನ್ನು ಇಲ್ಲಿ ಮೊದಲು ಕಂಡರೆ ಮತ್ತೆ ಅವನ ಕಡೆ ತಿರುಗಲಾರರು. ಬೆಂಗಳೂರು ರೈಲಿಗೆ ‘ಫೈವ್ ಲಿಟಲ್ ಪಿಗ್ಸ್’ ಇಟ್ಟುಕೊಳ್ಳಿ. ಸರಣಿ ಪೂರ್ತಿ ಮಾಡಲೇಬೇಕೆಂದರೆ ಇದನ್ನು ಓದಿ ಮುಗಿಸಿ, ‘ಕರ್ಟನ್’ ಅನ್ನು ಕೊನೆಗೆ ಉಳಿಸಿಕೊಳ್ಳಿ. ಐದಕ್ಕೆ ಎರಡು.