ಸೈಕಲ್ಲಿಗೆ ಯಾವ ಫೋನ್? ಮೂರನ್ನು ಒಟ್ಟಿಗೆ ಓಡಿಸಿ ನೋಡಿದಾಗ

ಸೈಕಲ್ಲಿಗೆಂದು ಫೋನ್ ಕೊಳ್ಳುವವರು ಮೊದಲು ಕೇಳುವುದು ‘ಇದರ ಜಿಪಿಎಸ್ ಎಷ್ಟು ನಿಖರ?’ ಅಂತ. ಮೂರು ಬಗೆಯ ಫೋನುಗಳನ್ನು ಒಂದೇ ಸೈಕಲ್ ಮೇಲೆ, ಒಂದೇ ದಾರಿಯಲ್ಲಿ ಒಟ್ಟಿಗೆ ಓಡಿಸಿ ನೋಡಿದ ಮೇಲೆ, ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು ಅಂತ ನನಗೆ ಖಾತ್ರಿಯಾಗಿದೆ: ತುಳಿಯುವಾಗ ಫೋನ್ ಎಲ್ಲಿರುತ್ತದೆ? ಹ್ಯಾಂಡಲ್ ಮೇಲೆ ನಕ್ಷೆ ತೋರಿಸುತ್ತಾ ಇರುತ್ತದೋ, ಸ್ಕ್ರೀನ್ ಆರಿಸಿಕೊಂಡು ಬೆನ್ನ ಜೇಬಿನಲ್ಲಿರುತ್ತದೋ? ಈ ಎರಡು ಜಾಗಕ್ಕೆ ಬೇಕಾದ ಗುಣಗಳು ಬೇರೆ ಬೇರೆ. ಒಂದರಲ್ಲಿ ಚೆನ್ನಾಗಿ ಒದಗಿದ ಫೋನ್ ಇನ್ನೊಂದರಲ್ಲಿ ಕೈಕೊಡುತ್ತದೆ.

ಮಾಡೆಲ್ ಹೆಸರುಗಳು ಬೇಗ ಹಳತಾಗುವುದರಿಂದ ಮೂರನ್ನೂ ಅವುಗಳ ಜಾತಿಯಿಂದಲೇ ಕರೆಯುತ್ತೇನೆ. ಒಂದು ದುಬಾರಿ ಫೋನ್: ಓಎಲ್ಇಡಿ ಸ್ಕ್ರೀನ್, ಎರಡು ಫ್ರೀಕ್ವೆನ್ಸಿಯಲ್ಲಿ ಉಪಗ್ರಹದ ಸಂಕೇತ ಹಿಡಿಯುವ ಜಿಪಿಎಸ್, ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬ್ಯಾರೋಮೀಟರ್, ಸಾಧಾರಣ ಬ್ಯಾಟರಿ. ಇನ್ನೊಂದು ಮಧ್ಯಮ ದರ್ಜೆಯ ಆಂಡ್ರಾಯ್ಡ್: 5,000 ಎಂಎಎಚ್ ಬ್ಯಾಟರಿ, ಎಲ್‌ಸಿಡಿ ಸ್ಕ್ರೀನ್, ಒಂದೇ ಫ್ರೀಕ್ವೆನ್ಸಿ, ಬ್ಯಾರೋಮೀಟರ್ ಇಲ್ಲ. ಮೂರನೆಯದು ರಬ್ಬರ್ ಕವಚದ ಗಟ್ಟಿ ಫೋನ್: ಅದೂ ಆಂಡ್ರಾಯ್ಡೇ, ಬ್ಯಾಟರಿ ಇನ್ನೂ ದೊಡ್ಡದು, ತೂಕವೂ ಅಷ್ಟೇ ಹೆಚ್ಚು, ಜಿಪಿಎಸ್ ಒಂದೇ ಫ್ರೀಕ್ವೆನ್ಸಿಯದು.

ಜನ ಕೇಳುವ ನಿಖರತೆಯನ್ನೇ ಮೊದಲು ನೋಡೋಣ. ಬಯಲು ರಸ್ತೆಯಲ್ಲಿ ಮೂರೂ ಬರೆದುಕೊಂಡ ದಾರಿಯ ದಾಖಲೆಗಳನ್ನು (ಜಿಪಿಎಕ್ಸ್ ಫೈಲುಗಳನ್ನು) ನಕ್ಷೆಯ ಮೇಲೆ ಒಂದರ ಮೇಲೊಂದು ಹಾಕಿದರೆ ಯಾವುದು ಯಾವುದೆಂದು ಗುರುತಿಸುವುದೇ ಕಷ್ಟ. ತೆರೆದ ಆಕಾಶದ ಕೆಳಗೆ ಸಾಮಾನ್ಯ ಸ್ಮಾರ್ಟ್‌ಫೋನ್ 4.9 ಮೀಟರ್ ತ್ರಿಜ್ಯದೊಳಗೆ ನಿಖರವಾಗಿರುತ್ತದೆ ಎಂದು ಜಿಪಿಎಸ್ ನಡೆಸುವ ಅಮೆರಿಕ ಸರ್ಕಾರವೇ ಹೇಳುತ್ತದೆ. ಹಳ್ಳಿ ರಸ್ತೆ, ಹೆದ್ದಾರಿ ಬದಿಯಲ್ಲಷ್ಟೇ ತುಳಿಯುವವರಿಗೆ ಇದು ಧಾರಾಳವಾಗಿ ಸಾಕು.

ಎತ್ತರದ ಕಟ್ಟಡಗಳ ನಡುವೆ ಹೊಕ್ಕ ಕೂಡಲೇ ಚಿತ್ರ ಬದಲಾಯಿತು. ಮಧ್ಯಮ ಫೋನಿನ ಗೆರೆ ರಸ್ತೆ ಬಿಟ್ಟು ಕಟ್ಟಡದೊಳಗೆ ನುಗ್ಗಿತು, ಪಕ್ಕದ ಸಮಾನಾಂತರ ಬೀದಿಗೆ ಹಾರಿತು, ಮತ್ತೆ ವಾಪಸ್ ಬಂತು. ದಾಖಲೆ ಅಂಕುಡೊಂಕಾದರೆ ಹೋಗಲಿ ಅನ್ನಬಹುದು. ಆದರೆ ನೀವು ಸರಿಯಾದ ಬೀದಿಯಲ್ಲೇ ಇರುವಾಗ ಆ್ಯಪ್ ‘ದಾರಿ ತಪ್ಪಿದ್ದೀರಿ’ ಎಂದು ಹೊಸ ದಾರಿ ಲೆಕ್ಕ ಹಾಕಲು ಕೂತರೆ, ಸಿಗ್ನಲ್ಲಿನ ನಡುವೆ ನಿಂತು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಗಟ್ಟಿ ಫೋನಿನ ಕಥೆಯೂ ಹೆಚ್ಚುಕಮ್ಮಿ ಅದೇ. ದುಬಾರಿ ಫೋನಿನ ಗೆರೆ ಮಾತ್ರ ಬೀದಿ ಬಿಡಲಿಲ್ಲ. ಕೆಲವೆಡೆ ರಸ್ತೆಯ ಯಾವ ಮಗ್ಗುಲಲ್ಲಿ ಹೋದೆ ಎಂಬುದೂ ಗೊತ್ತಾಗುವಷ್ಟು ಅಚ್ಚುಕಟ್ಟು.

ಇದಕ್ಕೆ ಕಾರಣ ಆ ಎರಡನೇ ಫ್ರೀಕ್ವೆನ್ಸಿ. ಹಳೆಯ ಎಲ್1 ಸಂಕೇತ 1575.42 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ, ಹೊಸ ಎಲ್5 1176.45ರಲ್ಲಿ. ಉಪಗ್ರಹದಿಂದ ನೇರ ಬಂದ ಸಂಕೇತದ ಜೊತೆಗೆ, ಗೋಡೆಗೆ ಬಡಿದು ತಡವಾಗಿ ಬಂದ ಪ್ರತಿಯೂ ಫೋನಿಗೆ ಕೇಳಿಸುತ್ತದೆ. ಸಂಕೇತ ಸಾಲುಸಾಲು ತುಣುಕುಗಳಾಗಿ ಬರುತ್ತದೆ; ಎಲ್1ರಲ್ಲಿ ಒಂದು ತುಣುಕಿನ ಉದ್ದ ಸುಮಾರು 293 ಮೀಟರ್. ಹತ್ತಿಪ್ಪತ್ತು ಮೀಟರ್ ಹಿಂದುಳಿದ ಪ್ರತಿ ಅದರೊಳಗೇ ಕಲೆತುಹೋಗಿ ಲೆಕ್ಕ ಕೆಡಿಸುತ್ತದೆ. ಎಲ್5ರ ತುಣುಕು ಅದರ ಹತ್ತನೇ ಒಂದು ಭಾಗ, ಅಂದರೆ ಸುಮಾರು 29 ಮೀಟರ್. ಹಾಗಾಗಿ ನೇರ ಬಂದದ್ದು ಯಾವುದು, ಗೋಡೆ ಬಡಿದು ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಅದಕ್ಕೆ ಸುಲಭ. 2018ರ ಶಿಯೋಮಿ ಮಿ 8 ಈ ಸೌಲಭ್ಯದೊಂದಿಗೆ ಬಂದ ಮೊದಲ ಫೋನ್. ಐಫೋನಿಗೆ ಇದು 2022ರ 14 ಪ್ರೊದಿಂದ ಬಂತು. ಆಂಡ್ರಾಯ್ಡ್ ಫೋನಿನಲ್ಲಿ ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ತೆರೆದರೆ ಯಾವ ಉಪಗ್ರಹದಿಂದ ಯಾವ ಫ್ರೀಕ್ವೆನ್ಸಿ ಬರುತ್ತಿದೆ, ಸಂಕೇತ ಎಷ್ಟು ಬಲವಾಗಿದೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಆ ಪಟ್ಟಿಯಲ್ಲಿ ಎಲ್5 ಕಂಡರೆ ಮಾತ್ರ ನಂಬಿ. ಐಫೋನ್ ಈ ಕಚ್ಚಾ ಮಾಹಿತಿಯನ್ನು ಆ್ಯಪ್‌ಗಳಿಗೆ ಬಿಟ್ಟುಕೊಡುವುದಿಲ್ಲವಾದ್ದರಿಂದ ಅಲ್ಲಿ ಕಂಪನಿಯ ವಿವರಪಟ್ಟಿಯನ್ನೇ ನೆಚ್ಚಬೇಕು.

ದಟ್ಟ ಮರಗಳ ಕೆಳಗೂ ದುಬಾರಿ ಫೋನೇ ಮುಂದಿತ್ತು, ಆದರೆ ಅಂತರ ಅಷ್ಟು ದೊಡ್ಡದಲ್ಲ. ಇನ್ನು ಘಟ್ಟದ ತಿರುವುಗಳಲ್ಲಿ ದೂರ ಕಡಿಮೆ ಬೀಳುವುದಕ್ಕೆ ಜಿಪಿಎಸ್ಸನ್ನು ಬೈಯುವುದು ತಪ್ಪು. ಗಂಟೆಗೆ 18 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 5 ಮೀಟರ್. ಆ್ಯಪ್ ಐದು ಸೆಕೆಂಡಿಗೊಮ್ಮೆ ಗುರುತು ಹಾಕುತ್ತಿದ್ದರೆ ಎರಡು ಗುರುತುಗಳ ನಡುವೆ 25 ಮೀಟರ್. ಹೇರ್‌ಪಿನ್ ತಿರುವು ಅಷ್ಟರಲ್ಲಿ ಮುಗಿದೇಹೋಗಿರುತ್ತದೆ. ಸೆಟ್ಟಿಂಗ್‌ನಲ್ಲಿ ಒಂದು ಸೆಕೆಂಡಿಗೆ ಇಳಿಸಿ, ಮೂರೂ ಫೋನುಗಳು ಸುಧಾರಿಸುತ್ತವೆ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಸ್ಕ್ರೀನ್ ಆರಿದ ಮೇಲೆ ರೆಕಾರ್ಡಿಂಗ್ ಬದುಕಿರುತ್ತದೆಯೇ? ಮಧ್ಯಮ ಫೋನನ್ನು ಜೇಬಿಗೆ ಹಾಕಿಕೊಂಡು ಒಂದು ದೊಡ್ಡ ಕೆರೆಯ ದಂಡೆ ಸುತ್ತಿಕೊಂಡು ಆಚೆ ದಡಕ್ಕೆ ಹೋದೆ. ಅಲ್ಲಿ ಫೋನ್ ತೆಗೆದು ನೋಡಿದರೆ, ಈ ದಡದಿಂದ ಆ ದಡಕ್ಕೆ ನೀರಿನ ಮೇಲೇ ಗೆರೆ ಎಳೆದಿತ್ತು, ಸ್ಕೇಲಿಟ್ಟು ಎಳೆದಷ್ಟು ನೇರ. ಜಿಪಿಎಸ್ ಚಿಪ್‌ನದು ಏನೂ ದೋಷವಿರಲಿಲ್ಲ. ಬ್ಯಾಟರಿ ಉಳಿಸುವ ತಂತ್ರಾಂಶ ಆ್ಯಪನ್ನು ಮಲಗಿಸಿತ್ತು, ಸ್ಕ್ರೀನ್ ಹೊತ್ತಿಸಿದಾಗ ಎದ್ದ ಆ್ಯಪ್ ಹಳೆಯ ಗುರುತಿಗೂ ಹೊಸ ಗುರುತಿಗೂ ಗಂಟು ಹಾಕಿತ್ತು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಆ್ಯಪ್‌ಗಳನ್ನು ಹೀಗೆ ಮಲಗಿಸಲು ಡೋಜ್ ಎಂಬ ವ್ಯವಸ್ಥೆಯೇ ಇದೆ. ಕೆಲವು ತಯಾರಕರು ಅದರ ಮೇಲೆ ತಮ್ಮದೇ ಕಟ್ಟುನಿಟ್ಟನ್ನೂ ಹೇರುತ್ತಾರೆ. ಆ್ಯಪಿನ ಬ್ಯಾಟರಿ ಸೆಟ್ಟಿಂಗನ್ನು ನಿರ್ಬಂಧವಿಲ್ಲದ್ದಕ್ಕೆ ಬದಲಿಸಿ, ಲೊಕೇಶನ್ ಅನುಮತಿಯನ್ನು ‘ಯಾವಾಗಲೂ’ ಮಾಡಿ, ಇತ್ತೀಚಿನ ಆ್ಯಪ್‌ಗಳ ಪಟ್ಟಿಯಲ್ಲಿ ಅದಕ್ಕೆ ಬೀಗ ಹಾಕಿದ ಮೇಲೆ ಮಧ್ಯಮ ಫೋನ್ ಸರಿದಾರಿಗೆ ಬಂತು. ಆದರೂ ತಂತ್ರಾಂಶದ ಒಂದು ಅಪ್‌ಡೇಟ್ ಬಂದಾಗ ಆ ಸೆಟ್ಟಿಂಗ್‌ಗಳು ಮತ್ತೆ ಮೊದಲಿನಂತಾದವು. ದುಬಾರಿ ಫೋನಿಗೂ ಗಟ್ಟಿ ಫೋನಿಗೂ ಇಂಥ ಆರೈಕೆಯೇ ಬೇಕಾಗಲಿಲ್ಲ.

ಜೇಬಿನಲ್ಲಿಟ್ಟರೆ ಸಂಕೇತ ಸ್ವಲ್ಪ ಕುಗ್ಗುತ್ತದೆ ಎಂಬುದು ನಿಜ, ಮೈ ಅರ್ಧ ಆಕಾಶವನ್ನು ಮರೆಮಾಡುತ್ತದೆ. ಆದರೆ ಬ್ಯಾಟರಿಯ ಲಾಭದ ಮುಂದೆ ಅದು ಏನೇನೂ ಅಲ್ಲ. ಜಿಪಿಎಸ್ ಬ್ಯಾಟರಿ ಕುಡಿಯುತ್ತದೆ ಎಂಬ ಮಾತು ಹಳೆಯ ಕಾಲದ್ದು. ಈಗ ಕುಡಿಯುವುದು ಬಿಸಿಲಲ್ಲಿ ಪೂರ್ತಿ ಬೆಳಕಿಗೆ ಏರಿಸಿದ ಸ್ಕ್ರೀನ್. ದುಬಾರಿ ಫೋನ್ ಜೇಬಿನಲ್ಲಿ ಇಡೀ ದಿನದ ರೈಡನ್ನು ಆರಾಮಾಗಿ ಬರೆದುಕೊಂಡಿತು. ಅದನ್ನೇ ಹ್ಯಾಂಡಲ್ಲಿಗೆ ಸಿಕ್ಕಿಸಿ ನಕ್ಷೆ ತೆರೆದಿಟ್ಟಾಗ ಮಧ್ಯಾಹ್ನದ ಹೊತ್ತಿಗೆ ಪವರ್ ಬ್ಯಾಂಕ್ ಹುಡುಕಬೇಕಾಯಿತು.

ಹ್ಯಾಂಡಲ್ ಮೇಲೆ ಲೆಕ್ಕವೇ ತಲೆಕೆಳಗು. ಬಿಸಿಲಲ್ಲಿ ಓದಲು ದುಬಾರಿ ಫೋನಿನ ಓಎಲ್ಇಡಿ ಉಳಿದೆರಡಕ್ಕಿಂತ ಎಷ್ಟೋ ಮೇಲು, ಆದರೆ ಬಿಸಿಯಾಗುವ ತನಕ ಮಾತ್ರ. ಐಫೋನ್‌ಗಳನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಿ ಎಂದು ಆ್ಯಪಲ್ ಹೇಳುತ್ತದೆ. ಉರಿಬಿಸಿಲಿಗೆ ಮುಖ ಮಾಡಿ ಕೂತ ಫೋನ್, ಅದರಲ್ಲೂ ಚಾರ್ಜ್ ಆಗುತ್ತಿದ್ದರೆ, ಆ ಮಿತಿಯನ್ನು ಬೇಗ ದಾಟುತ್ತದೆ. ಆಗ ತನ್ನನ್ನು ತಾನು ಕಾಪಾಡಿಕೊಳ್ಳಲು ಸ್ಕ್ರೀನ್ ಮಂಕಾಗುತ್ತದೆ, ನಮಗೆ ಬೆಳಕು ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ. ಗಟ್ಟಿ ಫೋನಿನ ಸ್ಕ್ರೀನ್ ಮೊದಲಿನಿಂದಲೂ ಅಷ್ಟೇನೂ ಪ್ರಖರವಲ್ಲ, ಆದರೆ ಬೆಳಿಗ್ಗೆ ಇದ್ದ ಹಾಗೇ ಮಧ್ಯಾಹ್ನವೂ ಇತ್ತು. ಪೋಲರೈಸ್ಡ್ ಕನ್ನಡಕ ಹಾಕುವವರು ಅದನ್ನು ಹಾಕಿಕೊಂಡೇ ಫೋನನ್ನು ನಿಲ್ಲಿಸಿಯೂ ಮಲಗಿಸಿಯೂ ನೋಡಿದ ಮೇಲೆ ಕೊಳ್ಳಿ. ಮಧ್ಯಮ ಫೋನಿನ ಸ್ಕ್ರೀನ್ ಉದ್ದಕ್ಕೆ ಹಿಡಿದಾಗ ಪೂರ್ತಿ ಕಪ್ಪಾಗುತ್ತಿತ್ತು.

ಮಳೆಯಲ್ಲಿ ಗಟ್ಟಿ ಫೋನಿಗೆ ಸಾಟಿಯಿಲ್ಲ. ದುಬಾರಿ ಫೋನೂ ದೂಳು, ನೀರು ತಡೆಯುವ ಐಪಿ68 ದರ್ಜೆಯದು, ಮಳೆಗೆ ಸುಲಭವಾಗಿ ಹಾಳಾಗುವುದಿಲ್ಲ. ಆದರೆ ಹನಿ ಬಿದ್ದಾಗಲೆಲ್ಲ ಅದನ್ನು ಬೆರಳೆಂದು ತಿಳಿದು ನಕ್ಷೆಯನ್ನು ಎಲ್ಲೆಲ್ಲಿಗೋ ಎಳೆದುಹಾಕುತ್ತದೆ. ಗಟ್ಟಿ ಫೋನಿನಲ್ಲಿ ಸ್ಪರ್ಶವನ್ನೇ ನಿಲ್ಲಿಸಿ, ಓಸ್ಮಾಂಡ್ ಎಂಬ ನಕ್ಷೆ ಆ್ಯಪಿನಲ್ಲಿ ವಾಲ್ಯೂಮ್ ಗುಂಡಿಗಳಿಂದ ನಕ್ಷೆಯನ್ನು ಹಿಗ್ಗಿಸಿ ಕುಗ್ಗಿಸಿದೆ, ಕೈಗವಸು ತೆಗೆಯದೆ. ಅದರ ತೂಕವನ್ನು ಮಾತ್ರ ಫೋನ್ ಸಿಕ್ಕಿಸುವ ಸಾಧಾರಣ ಪ್ಲಾಸ್ಟಿಕ್ ಮೌಂಟ್ ತಡೆಯುವುದಿಲ್ಲ. ಕಚ್ಚಾ ರಸ್ತೆಯಲ್ಲಿ ತಲೆ ಅಲ್ಲಾಡಿಸುತ್ತಲೇ ಇರುತ್ತದೆ. ಲೋಹದ ಮೌಂಟನ್ನು ಹ್ಯಾಂಡಲ್ಲಿನ ನಡುವೆ, ಅದನ್ನು ಸೈಕಲ್ಲಿಗೆ ಜೋಡಿಸುವ ಸ್ಟೆಮ್ಮಿಗೆ ಹತ್ತಿರ ಬಿಗಿದ ಮೇಲೆ ನಿಂತಿತು.

ಕಂಪನದ ಮಾತು ಬಂತಲ್ಲ: ಮೋಟರ್‌ಸೈಕಲ್ ಎಂಜಿನ್ನಿನ ಬಲವಾದ ಕಂಪನದಿಂದ ಐಫೋನ್ ಕ್ಯಾಮೆರಾದ ಸ್ಥಿರೀಕರಣ ಕೆಡಬಹುದೆಂದು ಆ್ಯಪಲ್ 2021ರಲ್ಲಿ ಎಚ್ಚರಿಸಿತ್ತು. ಸೈಕಲ್ಲಿಗೆ ಎಂಜಿನ್ ಇಲ್ಲ, ಅಷ್ಟು ಭಯ ಬೇಡ. ಆದರೂ ಜಲ್ಲಿ ದಾರಿಯಲ್ಲಿ ದುಬಾರಿ ಕ್ಯಾಮೆರಾವನ್ನು ಹ್ಯಾಂಡಲ್ಲಿಗೆ ಕಟ್ಟಿಕೊಂಡು ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಏರುದಾರಿಯ ಲೆಕ್ಕ ಇಡುವವರಿಗೆ ಬ್ಯಾರೋಮೀಟರ್ ಬೇಕೇ ಬೇಕು. ಉಪಗ್ರಹಗಳೆಲ್ಲ ತಲೆಯ ಮೇಲಷ್ಟೇ ಇರುವುದರಿಂದ ಜಿಪಿಎಸ್‌ಗೆ ಎತ್ತರದ ಲೆಕ್ಕ ಯಾವಾಗಲೂ ದುರ್ಬಲ. ಮಧ್ಯಮ ಫೋನ್ ಸಪಾಟು ರಸ್ತೆಯಲ್ಲೂ ಚೂರುಚೂರು ಏರು ಕೂಡಿಸುತ್ತಾ ಹೋಯಿತು. ರೈಡ್ ದಾಖಲಿಸುವ ಸ್ಟ್ರಾವಾದಂಥ ಸೇವೆಗಳು ತಮ್ಮಲ್ಲಿರುವ ಎತ್ತರದ ದತ್ತಾಂಶದಿಂದ ಇದನ್ನು ತಿದ್ದುತ್ತವೆ ನಿಜ, ಆದರೆ ಕಣಿವೆ ದಾಟುವ ಸೇತುವೆಗಳಲ್ಲಿ ಆ ತಿದ್ದುಪಡಿಯೂ ಮೋಸಹೋಗಬಹುದು. ಬ್ಯಾರೋಮೀಟರ್ ಇರುವ ಫೋನಿಗೂ ಜೇಬೇ ಒಳ್ಳೆಯ ಜಾಗ. ಗಾಳಿಯ ಒತ್ತಡ ಒಂದು ಮಿಲಿಬಾರ್ ಬದಲಾದರೆ ಎತ್ತರದಲ್ಲಿ ಸುಮಾರು 8 ಮೀಟರ್ ವ್ಯತ್ಯಾಸ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಇಳಿಯುವಾಗ ಎದುರುಗಾಳಿ ನೇರವಾಗಿ ರಂಧ್ರಕ್ಕೆ ಬಡಿದರೆ ಸುಮಾರು 0.6 ಮಿಲಿಬಾರ್ ಹೆಚ್ಚಾಗುತ್ತದೆ, ಅಂದರೆ ಐದು ಮೀಟರಿನಷ್ಟು ಸುಳ್ಳು.

ಆ್ಯಪಿನ ಬಗ್ಗೆ ಒಂದೇ ಮಾತು: ನೆಟ್‌ವರ್ಕ್ ಇಲ್ಲದ ಕಡೆ ಹೋಗುವುದಾದರೆ ಓಸ್ಮಾಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿಕೊಂಡು ಜನರೇ ಸೇರಿ ಮಾಡುವ ಉಚಿತ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಗಳನ್ನು ಮೊದಲೇ ಇಳಿಸಿಕೊಳ್ಳಿ. ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ನಕ್ಷೆ ಕಾರಿಗೆ ದಾರಿ ತೋರಿಸುತ್ತದೆ, ಸೈಕಲ್ಲಿಗಲ್ಲ. ನೆಟ್‌ವರ್ಕ್ ಇಲ್ಲದಲ್ಲಿ ಫೋನ್ ತನ್ನ ಸ್ಥಾನ ಹಿಡಿಯಲೂ ತಡಮಾಡುತ್ತದೆ. ಉಪಗ್ರಹ ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ 50 ಬಿಟ್‌ನ ನಿಧಾನಗತಿಯಲ್ಲಿ, 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಹೊರಡುವ ಮುನ್ನ ಬಯಲಲ್ಲಿ ಒಂದೆರಡು ನಿಮಿಷ ನಿಲ್ಲಿ.

ನಾನೀಗ ನಗರದಲ್ಲೂ ಘಟ್ಟದಲ್ಲೂ ದುಬಾರಿ ಫೋನನ್ನು ಜೇಬಿನಲ್ಲಿಟ್ಟು, ತಿರುವುಗಳನ್ನು ಧ್ವನಿಯಲ್ಲಿ ಕೇಳಿಸಿಕೊಳ್ಳುತ್ತೇನೆ. ಗೊತ್ತಿಲ್ಲದ ಊರಿನ ದೂರದ ರೈಡಿಗೆ ಗಟ್ಟಿ ಫೋನ್ ಹ್ಯಾಂಡಲ್ ಏರುತ್ತದೆ. ಒಂದೇ ಫೋನ್ ಕೊಳ್ಳಬೇಕು ಅನ್ನುವವರಿಗೆ ನನ್ನ ಸಲಹೆ, ಮಧ್ಯಮ ದರ್ಜೆಯಲ್ಲೇ ಎಲ್5 ಮತ್ತು ಬ್ಯಾರೋಮೀಟರ್ ಎರಡೂ ಇರುವುದನ್ನು ಹುಡುಕಿ, ಕ್ಯಾಮೆರಾ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ. ಕೊಂಡ ಮೇಲೆ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆಯೇ ಸ್ಕ್ರೀನ್ ಆರಿಸಿ ಜೇಬಿಗೆ ಹಾಕಿಕೊಂಡು ಒಂದು ಉದ್ದದ ರೈಡ್ ಹೋಗಿ ಬನ್ನಿ. ಗೆರೆ ಎಲ್ಲಾದರೂ ನೇರವಾಗಿ ಹಾರಿದ್ದು ಕಂಡರೆ ಮೊದಲು ಬ್ಯಾಟರಿ ಸೆಟ್ಟಿಂಗ್ ಬದಲಿಸಿ ಮತ್ತೊಮ್ಮೆ ಅದೇ ದಾರಿ ಸುತ್ತಿ; ಆಗಲೂ ಹಾರಿದರೆ ಮರುಮಾತಿಲ್ಲದೆ ವಾಪಸ್ ಕೊಟ್ಟುಬಿಡಿ.