ಮಕ್ಕಳ ಉಬ್ಬಸಕ್ಕೆ ಸ್ಪೇಸರ್: ಡಬ್ಬಿ ಬಿಡಿ, ಮೊದಲು ಮಾಸ್ಕ್ ನೋಡಿ

ಮಗುವಿಗೆ ಇನ್ಹೇಲರ್ ಬರೆದುಕೊಟ್ಟ ಚೀಟಿಯಲ್ಲಿ ಅದರ ಜೊತೆಗೇ ಇರಬೇಕಾದ ಇನ್ನೊಂದು ಸಾಮಾನು ಸ್ಪೇಸರ್. ನೋಡಲು ಆಟದ ಸಾಮಾನಿನ ಹಾಗಿದೆ. ಒಂದು ಪಾರದರ್ಶಕ ಡಬ್ಬಿ, ಹಿಂಬದಿಯಲ್ಲಿ ಇನ್ಹೇಲರ್ ಸಿಕ್ಕಿಸಲು ರಬ್ಬರಿನ ತೂತು, ಮುಂದೆ ತೆಳುವಾದ ವಾಲ್ವ್, ಅದರ ತುದಿಗೆ ಮಾಸ್ಕ್. ಮೋಟಾರಿಲ್ಲ, ಬ್ಯಾಟರಿಯಿಲ್ಲ. ಇದಕ್ಕೂ ದುಡ್ಡು ಕೊಡಬೇಕೇ ಎಂದು ಇನ್ಹೇಲರ್ ಮಾತ್ರ ಒಯ್ಯುವವರೇ ಹೆಚ್ಚು. ಸಣ್ಣ ಮಕ್ಕಳ ವಿಷಯದಲ್ಲಿ ಅದು ಅರ್ಧ ಸಾಮಾನು ಕೊಂಡಂತೆ.

ಇನ್ಹೇಲರ್ ಒತ್ತಿದಾಗ ಔಷಧ ಬಿರುಸಾಗಿ ಚಿಮ್ಮುತ್ತದೆ. ಒತ್ತುವ ಕ್ಷಣಕ್ಕೆ ಸರಿಯಾಗಿ ನಿಧಾನವಾಗಿ ಉಸಿರೆಳೆದುಕೊಳ್ಳುವುದು ದೊಡ್ಡವರಿಗೇ ಕೈಕೊಡುವ ಕೆಲಸ. ತಪ್ಪಿದರೆ ಔಷಧ ಗಂಟಲಿಗೆ ಬಡಿದು ಹೊಟ್ಟೆ ಸೇರುತ್ತದೆ. ಸ್ಪೇಸರಿನೊಳಗೆ ತುಂತುರಿನ ವೇಗ ಇಳಿಯುತ್ತದೆ. ದಪ್ಪ ಹನಿಗಳು ಡಬ್ಬಿಯ ಗೋಡೆ ಹಿಡಿಯುತ್ತವೆ, ಸಣ್ಣವು ತೇಲಿಕೊಂಡಿರುತ್ತವೆ. ಮಗು ತನ್ನ ಪಾಡಿಗೆ ಉಸಿರಾಡುತ್ತಿದ್ದರೆ ಸಾಕು.

ಕೊಳ್ಳುವವರು ಸಾಮಾನ್ಯವಾಗಿ ಡಬ್ಬಿಯ ಗಾತ್ರ ನೋಡುತ್ತಾರೆ. ನಮ್ಮ ಪ್ರಕಾರ ನೋಡಬೇಕಾದ್ದು ಮಾಸ್ಕಿನ ಅಂಚು. ಮೆತ್ತಗಿನ ಸಿಲಿಕೋನ್ ಅಂಚು ಕೆನ್ನೆಯ ಉಬ್ಬಿಗೂ ಮೂಗಿನ ಪಕ್ಕದ ತಗ್ಗಿಗೂ ತಾನೇ ಹೊಂದಿಕೊಂಡು ಕೂರುತ್ತದೆ. ಗಟ್ಟಿ ಪ್ಲಾಸ್ಟಿಕ್ ಅಂಚು ಕೂರಬೇಕಾದರೆ ಅದುಮಬೇಕು. ಅದುಮಿದರೆ ಮಗು ಅಳುತ್ತದೆ, ಅದುಮದಿದ್ದರೆ ಸಂದಿಯಿಂದ ಗಾಳಿ ನುಗ್ಗುತ್ತದೆ. ಬೆರಳ ಸಂದಿಯಷ್ಟು ಜಾಗ ಬಿಟ್ಟರೂ ಮಗು ಡಬ್ಬಿಯೊಳಗಿನ ಔಷಧದ ಬದಲು ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಏಕೆಂದರೆ ವಾಲ್ವ್ ತೆರೆಯುವುದಕ್ಕಿಂತ ಅದೇ ಸುಲಭ. ಅಳತೆಯೂ ಮುಖ್ಯ. ಮಾಸ್ಕ್ ಮೂಗು, ಬಾಯಿ ಎರಡನ್ನೂ ಮುಚ್ಚಬೇಕು, ಆದರೆ ಕಣ್ಣಿಗೆ ತಾಗಬಾರದು, ಗಲ್ಲದಿಂದ ಕೆಳಕ್ಕೂ ಇಳಿಯಬಾರದು. ಬೆಳೆದ ಮೇಲೂ ಆಗಲಿ ಎಂದು ದೊಡ್ಡದನ್ನು ಕೊಳ್ಳುವುದು ಬಟ್ಟೆಗೆ ಸರಿ, ಇದಕ್ಕಲ್ಲ. ನಾಲ್ಕೈದು ವರ್ಷ ದಾಟಿ, ತುಟಿ ಬಿಗಿಹಿಡಿದು ಬಾಯಿಂದ ಉಸಿರಾಡಲು ಬಂದ ಮೇಲೆ ಮಾಸ್ಕ್ ಕಳಚಿ ನೇರವಾಗಿ ಬಾಯಿಕೊಳವೆಗೆ ಹೋಗುವುದು ಒಳ್ಳೆಯದು. ಮೂಗಿನ ಮೂಲಕ ಹೋದ ಔಷಧದಲ್ಲಿ ಒಂದು ಪಾಲನ್ನು ಮೂಗೇ ಹಿಡಿದಿಟ್ಟುಕೊಳ್ಳುತ್ತದೆ.

ಎರಡನೆಯದು ವಾಲ್ವ್. ಅದು ಕಣ್ಣಿಗೆ ಕಾಣುವ ಮಾದರಿಯನ್ನೇ ಆರಿಸಿ. ಮಗು ಉಸಿರಾಡಿದಂತೆಲ್ಲ ಅದು ಪಟಪಟ ಆಡುವುದನ್ನು ಎಣಿಸಬಹುದು. ವಾಲ್ವ್ ಅಲುಗುತ್ತಿಲ್ಲ ಎಂದರೆ ಮಾಸ್ಕ್ ಸೋರುತ್ತಿದೆ, ಇಲ್ಲವೇ ವಾಲ್ವ್ ಅಂಟಿಕೊಂಡಿದೆ. ಕೆಲವು ಮಾದರಿಗಳು ಉಸಿರನ್ನು ಜೋರಾಗಿ ಎಳೆದರೆ ಸೀಟಿ ಹಾಕುತ್ತವೆ. ನಿಧಾನಿಸು ಎಂಬ ಎಚ್ಚರಿಕೆ ಅದು. ಮಕ್ಕಳು ಮಾತ್ರ ಸೀಟಿ ಬಂದರೇ ಗೆದ್ದೆವೆಂದುಕೊಂಡು ಇನ್ನಷ್ಟು ಜೋರಾಗಿ ಎಳೆಯುತ್ತಾರೆ. ಈ ಸೌಲಭ್ಯಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ.

ಬಳಸುವ ಕ್ರಮ ಹೀಗೆ. ಇನ್ಹೇಲರ್ ಹೊಸದಾಗಿದ್ದರೆ, ಇಲ್ಲವೇ ಬಹಳ ದಿನ ಬಳಸದೆ ಇಟ್ಟಿದ್ದರೆ, ಮೊದಲು ಒಂದೆರಡು ಪಫ್ (ಒಂದು ಸಲ ಒತ್ತಿದಾಗ ಚಿಮ್ಮುವ ಔಷಧ) ಗಾಳಿಗೆ ಬಿಡಿ. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ. ಇನ್ಹೇಲರನ್ನು ಚೆನ್ನಾಗಿ ಅಲುಗಾಡಿಸಿ ಸಿಕ್ಕಿಸಿ. ಮಾಸ್ಕನ್ನು ಮುಖಕ್ಕೆ ಕೂರಿಸಿ, ವಾಲ್ವ್ ಆಡುವುದನ್ನು ಕಂಡ ಮೇಲೆ ಒಂದೇ ಪಫ್ ಒತ್ತಿ. ಐದಾರು ಉಸಿರು ಎಣಿಸುವವರೆಗೆ ಮಾಸ್ಕ್ ತೆಗೆಯಬೇಡಿ. ಅರ್ಧದಿಂದ ಒಂದು ನಿಮಿಷ ಬಿಟ್ಟು ಮತ್ತೆ ಅಲುಗಾಡಿಸಿ ಮುಂದಿನ ಪಫ್. ಆತುರಕ್ಕೆ ನಾಲ್ಕು ಪಫ್ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಸೇರಿ ದಪ್ಪವಾಗಿ ಗೋಡೆಗಿಳಿಯುತ್ತವೆ. ಸಿಗುವುದು ನಾಲ್ಕು ಪಫ್‌ನ ಔಷಧವಲ್ಲ, ಅದಕ್ಕಿಂತ ಎಷ್ಟೋ ಕಡಿಮೆ. ಔಷಧ ಸ್ಟೀರಾಯ್ಡ್ ಆಗಿದ್ದರೆ ಬಾಯಿ ಮುಕ್ಕಳಿಸಿ, ಮಾಸ್ಕ್ ತಾಗಿದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಇಲ್ಲದಿದ್ದರೆ ಬಾಯೊಳಗೆ ಬಿಳಿ ಅಗ್ರ ಕಟ್ಟಬಹುದು.

ಅಳುವ ಮಗುವಿಗೆ ಔಷಧ ಚೆನ್ನಾಗಿ ಒಳಹೋಗುತ್ತದೆ ಎಂಬ ಮಾತು ಕ್ಲಿನಿಕ್‌ಗಳಲ್ಲೂ ಕೇಳಿಬರುತ್ತದೆ. ಇದು ಶುದ್ಧ ತಪ್ಪು. ಅಳುವೆಂದರೆ ಉದ್ದಕ್ಕೆ ಹೊರಬಿಡುವ ಉಸಿರು, ನಡುನಡುವೆ ಗಕ್ಕನೆ ಎಳೆದುಕೊಳ್ಳುವ ಉಸಿರು. ಹಾಗೆ ರಭಸದಿಂದ ಎಳೆದ ಔಷಧ ಗಂಟಲಲ್ಲೇ ಉಳಿಯುತ್ತದೆ. ಕಾಯಿಲೆ ಇಲ್ಲದ ದಿನಗಳಲ್ಲಿ ಖಾಲಿ ಸ್ಪೇಸರನ್ನು ಕೈಗೆ ಕೊಟ್ಟು, ಗೊಂಬೆಗೂ ಒಮ್ಮೆ ಹಿಡಿಸಿ ಆಟವಾಡಿಸಿದರೆ ಈ ಜಗಳ ಮುಕ್ಕಾಲು ಪಾಲು ತಪ್ಪುತ್ತದೆ.

ಸ್ಪೇಸರಿಗೆ ಕೆಟ್ಟ ಹೆಸರು ತರುವುದು ತೊಳೆಯುವ ಕ್ರಮ. ಹೊಸ ಪ್ಲಾಸ್ಟಿಕ್‌ನಲ್ಲಿ ಸ್ಥಿರವಿದ್ಯುತ್ ಇರುತ್ತದೆ, ಬಾಚಣಿಗೆ ಕಾಗದದ ಚೂರನ್ನು ಸೆಳೆಯುವ ಹಾಗೆ ಅದು ಔಷಧದ ಹನಿಗಳನ್ನು ಗೋಡೆಗೆ ಸೆಳೆಯುತ್ತದೆ. ಆದ್ದರಿಂದ ಮೊದಲ ಬಳಕೆಗೆ ಮುಂಚೆಯೇ ಬಿಡಿಭಾಗ ಕಳಚಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರಾವಣದ ಕೆಲವು ಹನಿ ಹಾಕಿ ಅದ್ದಿಡಿ. ಹೊರತೆಗೆದು ಡಬ್ಬಿಯ ಒಳಗನ್ನು ಒರೆಸದೆ, ನೆಟ್ಟಗೆ ನಿಲ್ಲಿಸಿ ಗಾಳಿಗೆ ಒಣಗಿಸಿ. ಬಟ್ಟೆಯಿಂದ ಉಜ್ಜಿದರೆ ಹೋದ ವಿದ್ಯುತ್ತು ಮತ್ತೆ ಬಂತು. ಮಾಸ್ಕ್ ಮತ್ತು ಬಾಯಿಕೊಳವೆಯನ್ನು ಮಾತ್ರ ಚೆನ್ನಾಗಿ ಜಾಲಿಸಿ. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು, ಶೀತ ಸೋರುವ ಕಾಲದಲ್ಲಿ ವಾರಕ್ಕೊಮ್ಮೆ. ಸ್ಥಿರವಿದ್ಯುತ್ ಹಿಡಿಯದ ಪ್ಲಾಸ್ಟಿಕ್ ಎಂದು ಬರೆದಿರುವ ಮಾದರಿಗೆ ಈ ರಗಳೆ ಕಡಿಮೆ. ಡಬ್ಬದ ಮೇಲೆ ಬರೆದಿರದ ಹೊರತು ಕುದಿಸಬೇಡಿ, ವಾಲ್ವ್ ಸುಕ್ಕಾಗುತ್ತದೆ.

ನೆಬ್ಯುಲೈಸರ್ ಎದುರು ಇಟ್ಟು ನೋಡಿದರೆ? ಕಪ್ಪಿಗೆ ಹಾಕಿದ ದ್ರವ ಔಷಧವನ್ನು ತುಂತುರಾಗಿಸುವ, ಗುಂಯ್ ಎನ್ನುವ ಯಂತ್ರ, ಹೊಗೆಯಂತೆ ಬರುವ ಆವಿ. ಜನಕ್ಕೆ ಚಿಕಿತ್ಸೆ ಆಯಿತು ಎನ್ನಿಸುವುದು ಅದರಲ್ಲೇ. ಆದರೆ ಒಂದು ಸುತ್ತಿಗೆ ಹತ್ತು ನಿಮಿಷದ ಹತ್ತಿರ ಬೇಕು, ಕಪ್ಪಿನ ತಳದಲ್ಲಿ 1 ಮಿ.ಲೀ.ನಷ್ಟು ಔಷಧ ಹಾಗೇ ಉಳಿಯುತ್ತದೆ, ಮಗು ಹೆದರುತ್ತದೆಂದು ಮಾಸ್ಕನ್ನು ದೂರದಿಂದ ಹಿಡಿದರಂತೂ ಆವಿ ಕೋಣೆಗೇ ಹೋಗುತ್ತದೆ. ಸಾಧಾರಣ ಹಾಗೂ ಮಧ್ಯಮ ಉಬ್ಬಸಕ್ಕೆ ಸ್ಪೇಸರ್ ಅದಕ್ಕೆ ಸಮವೆಂದು ಪರೀಕ್ಷೆಗಳಲ್ಲಿ ಕಂಡಿದೆ. ಮಕ್ಕಳು ತುರ್ತು ವಿಭಾಗದಲ್ಲಿ ಕಳೆಯುವ ಹೊತ್ತೂ ಕಡಿಮೆ, ಎದೆಬಡಿತ ಏರುವುದೂ ಕಡಿಮೆ. ಆಮ್ಲಜನಕ ಬೇಕಾಗುವಷ್ಟು ತೀವ್ರವಾದಾಗ ಮಾತ್ರ ನೆಬ್ಯುಲೈಸರಿನದೇ ಮೇಲುಗೈ. ಅದರಲ್ಲಿ ಔಷಧವನ್ನೂ ಆಮ್ಲಜನಕವನ್ನೂ ಒಟ್ಟಿಗೆ ಕೊಡಬಹುದು.

ಕ್ಲಿನಿಕ್‌ಗಳಲ್ಲಿ ಸ್ಪೇಸರಿಗೆ ಇನ್ನೊಂದು ಉಪಯೋಗವಿದೆ, ಅದು ರೋಗ ಗುರುತಿಸುವುದು. 2ರಿಂದ 11 ತಿಂಗಳ ಮಗು ನಿಮಿಷಕ್ಕೆ 50 ಅಥವಾ ಹೆಚ್ಚು, 1ರಿಂದ 5 ವರ್ಷದ್ದು 40 ಅಥವಾ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ ಅದು ನ್ಯುಮೋನಿಯಾದ ಸುಳಿವು. ಆದರೆ ಉಬ್ಬಸದಲ್ಲೂ ಉಸಿರು ಹಾಗೇ ಓಡುತ್ತದೆ. ಆದ್ದರಿಂದ ಎದೆಯಲ್ಲಿ ಸುಂಯ್ ಶಬ್ದವಿದ್ದರೆ ಮೊದಲು ಸ್ಪೇಸರಿನಲ್ಲಿ ಶ್ವಾಸನಾಳ ಸಡಿಲಿಸುವ ಔಷಧವಾದ ಸಾಲ್ಬುಟಮಾಲ್ ಕೊಟ್ಟು, 15–20 ನಿಮಿಷದ ಅಂತರದಲ್ಲಿ ಮೂರು ಸಲದವರೆಗೆ ನೋಡಿ, ಆಮೇಲೆ ಪೂರ್ತಿ 60 ಸೆಕೆಂಡ್ ಉಸಿರು ಮತ್ತೆ ಎಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ರಮ ಹೇಳುತ್ತದೆ. ಉಸಿರು ಹದಕ್ಕೆ ಬಂದರೆ ಎಷ್ಟೋ ಮಕ್ಕಳಿಗೆ ಬೇಡದ ಆ್ಯಂಟಿಬಯಾಟಿಕ್ ತಪ್ಪುತ್ತದೆ. ಈ ಮರುಎಣಿಕೆಯನ್ನು ಬಿಡುವ ಕ್ಲಿನಿಕ್‌ಗಳಿಗೆ ನಾವು ಅಂಕ ಕಳೆಯುತ್ತೇವೆ.

ಸ್ಪೇಸರ್ ಕೆಲಸಕ್ಕೆ ಬಾರದ ಸಂದರ್ಭಗಳೂ ಇವೆ. ಒಂದು ವರ್ಷದೊಳಗಿನ ಕೂಸಿಗೆ ವೈರಸ್ಸಿನಿಂದ ಬರುವ ಬ್ರಾಂಕಿಯೋಲೈಟಿಸ್‌ನಲ್ಲಿ (ಶ್ವಾಸಕೋಶದ ಸಣ್ಣ ನಾಳಗಳ ಉರಿಯೂತ) ಸಾಲ್ಬುಟಮಾಲ್‌ನಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಆಡುತ್ತಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿ ಒಂದೇ ಪಕ್ಕದಲ್ಲಿ ಶಬ್ದ ಕೇಳಿದರೆ ಶ್ವಾಸನಾಳದಲ್ಲಿ ಏನೋ ಸಿಕ್ಕಿರಬಹುದು. ಪಕ್ಕೆ ಒಳಸೆಳೆದುಕೊಂಡರೆ, ಹಾಲು ಕುಡಿಯಲಾಗದಿದ್ದರೆ, ಮಾತಾಡಲಾಗದಿದ್ದರೆ, ತುಟಿ ನೀಲಿಯಾದರೆ ಅಥವಾ ಮಂಪರಿಗೆ ಜಾರಿದರೆ ಮಗುವನ್ನು ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ದಾರಿಯಲ್ಲಿ ವೈದ್ಯರು ಬರೆದುಕೊಟ್ಟ ಪಫ್ ನಿಲ್ಲಿಸಬೇಡಿ. ಜೋರು ಶಬ್ದ ಹಠಾತ್ತನೆ ನಿಂತಿತೆಂದು ಸಮಾಧಾನ ಪಡಬೇಡಿ. ಒದ್ದಾಟ ಹಾಗೇ ಇದ್ದರೆ, ಗಾಳಿಯೇ ಹೋಗುತ್ತಿಲ್ಲ ಎಂದರ್ಥ.

ಬಾಳಿಕೆ ಸುಮಾರು ಆರರಿಂದ ಹನ್ನೆರಡು ತಿಂಗಳು. ವಾಲ್ವ್ ಮುದುಡಿದರೆ, ಡಬ್ಬಿ ಸೀಳಿದರೆ ಅದಕ್ಕೂ ಮೊದಲೇ ಬದಲಿಸಿ. ಸ್ಪೇಸರ್ ಸಿಗದೇ ಹೋದಾಗ 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್ಹೇಲರಿನ ಬಾಯಿಯ ಆಕಾರಕ್ಕೇ ತೂತು ಕೊರೆದು, ಸುತ್ತ ಸಂದಿಯಿಲ್ಲದಂತೆ ಮುಚ್ಚಿ ಬಳಸಬಹುದು. 1999ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಒಂದು ಪ್ರಯೋಗದಲ್ಲಿ ಇಂಥ ಬಾಟಲಿ ಅಂಗಡಿಯ ಸ್ಪೇಸರಿಗೆ ಸಮನಾಗಿ ಕೆಲಸ ಮಾಡಿತು, ಥರ್ಮಕೋಲ್ ಲೋಟ ಮಾಡಲಿಲ್ಲ. ಬಾಟಲಿಯಲ್ಲಿ ವಾಲ್ವ್ ಇರುವುದಿಲ್ಲ, ಹಾಗಾಗಿ ಪಟಪಟ ಎಣಿಸುವಂತಿಲ್ಲ. ಮಗುವಿನ ಎದೆ ಏರಿಳಿಯುವುದನ್ನೇ ನೋಡಿ ಎಣಿಸಬೇಕು.